ಹರೆಯದ ಚಾಲಕರು: ಪರವಾನಗಿ ಸಿಕ್ಕಿದ ನಂತರದ ಮೊದಲ ತಿಂಗಳುಗಳು

ಸಂಪಾದಕರಿಗೆ,

ಮಾನ್ಯರೇ,

ಹದಿಹರೆಯದವರು ಓಡಿಸುತ್ತಿದ್ದ ವಾಹನ ಅಪಘಾತಕ್ಕೀಡಾದ ಸುದ್ದಿ ಪ್ರಕಟವಾದಾಗಲೆಲ್ಲ ಅದರ ಬೆನ್ನಿಗೆ ನಡೆಯುವ ಚರ್ಚೆ ಒಂದೇ ದಾರಿ ಹಿಡಿಯುತ್ತದೆ. ಈಗಿನ ಮಕ್ಕಳಿಗೆ ಭಯವೇ ಇಲ್ಲ, ಹೆತ್ತವರು ಕೇಳಿದ್ದನ್ನೆಲ್ಲ ಕೊಡಿಸುತ್ತಾರೆ, ದಂಡ ಹೆಚ್ಚಿಸಬೇಕು, ಪೊಲೀಸರು ಇನ್ನಷ್ಟು ಬಿಗಿಯಾಗಬೇಕು ಎಂಬ ಮಾತುಗಳು ಕೆಲವು ದಿನ ಕೇಳಿಬಂದು ಮರೆಯಾಗುತ್ತವೆ. ಈ ಮಾತುಗಳಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ವಾಹನ ಚಾಲನೆ ಕಲಿಸುವ ಕೆಲಸದಲ್ಲಿ ಬಹುಕಾಲ ತೊಡಗಿದ್ದ ನನಗೆ ಮೂಲ ಸಮಸ್ಯೆ ಬೇರೆಡೆ ಇದೆ ಎನಿಸುತ್ತದೆ. ಕ್ಲಚ್, ಗೇರು, ಬ್ರೇಕುಗಳನ್ನು ಬಳಸುವುದನ್ನು ನಾವು ಎಳೆಯರಿಗೆ ಕಲಿಸುತ್ತೇವೆ. ಪರೀಕ್ಷೆಯಲ್ಲಿ ಅಳೆಯುವುದೂ ಬಹುಪಾಲು ಅದನ್ನೇ. ರಸ್ತೆಯಲ್ಲಿ ಮುಂದಿನ ಕ್ಷಣ ಏನಾಗಬಹುದೆಂದು ಊಹಿಸುವ ಶಕ್ತಿಯನ್ನು ಮಾತ್ರ ಅವರು ತಾವಾಗಿಯೇ ಗಳಿಸಿಕೊಳ್ಳಲಿ ಎಂದು ಬಿಟ್ಟುಬಿಡುತ್ತೇವೆ. ಅದನ್ನು ಗಳಿಸಿಕೊಳ್ಳುವ ಆ ಮೊದಲ ತಿಂಗಳುಗಳಲ್ಲೇ ಅವರು ಅತಿ ಹೆಚ್ಚು ಅಪಾಯದಲ್ಲಿರುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 11.9 ಲಕ್ಷ ಜನರು ರಸ್ತೆ ಅಪಘಾತಗಳಲ್ಲಿ ಸತ್ತರು. 5ರಿಂದ 29 ವರ್ಷದೊಳಗಿನವರ ಸಾವಿಗೆ ಯಾವುದೇ ರೋಗಕ್ಕಿಂತ ದೊಡ್ಡ ಕಾರಣ ರಸ್ತೆಯೇ. ಇದೇ ಪ್ರಮಾಣದಲ್ಲಿ ಎಳೆಯರನ್ನು ಕೊಲ್ಲುವ ಸೋಂಕೊಂದು ಹರಡಿದ್ದರೆ ಅದು ಹೇಗೆ ತಗಲುತ್ತದೆ, ಯಾವ ಹಂತದಲ್ಲಿ ಉಲ್ಬಣಿಸುತ್ತದೆ ಎಂಬುದನ್ನು ಪ್ರತಿ ಮನೆಯವರೂ ತಿಳಿದುಕೊಂಡಿರುತ್ತಿದ್ದರು. ಚಾಲನೆಯ ವಿಷಯದಲ್ಲಿ ಆ ತಿಳಿವಳಿಕೆ ಇದೆ. ದಶಕಗಳ ಸಂಶೋಧನೆ ಅದನ್ನು ಒದಗಿಸಿದೆ. ಅದು ಮನೆಗಳಿಗೂ ಡ್ರೈವಿಂಗ್ ಸ್ಕೂಲುಗಳಿಗೂ ಇಳಿದಿಲ್ಲ, ಅಷ್ಟೇ.

ಆ ಸಂಶೋಧನೆ ಮತ್ತೆಮತ್ತೆ ತೋರಿಸಿರುವ ಸಂಗತಿ ಇದು: ಅನುಭವಿಯೊಬ್ಬರು ಪಕ್ಕದಲ್ಲಿ ಕುಳಿತಿರುವಾಗ ಕಲಿಯುವವರು ಅಪಘಾತ ಮಾಡುವುದು ಬಹಳ ಕಡಿಮೆ. ಪರವಾನಗಿ ಕೈಗೆ ಬಂದು ಒಂಟಿಯಾಗಿ ಹೊರಟೊಡನೆ ಅಪಘಾತದ ಪ್ರಮಾಣ ಒಮ್ಮೆಲೇ ಮೇಲೇರುತ್ತದೆ. ಮೊದಲ ಆರೇಳು ತಿಂಗಳಲ್ಲಿ ವೇಗವಾಗಿಯೂ ಆಮೇಲೆ ನಿಧಾನವಾಗಿಯೂ ಇಳಿಯುತ್ತದೆ. ತಡವಾಗಿ ಕಲಿತ ಹಿರಿಯರಲ್ಲೂ ಈ ಏರಿಳಿತ ಕಾಣಿಸುತ್ತದೆ, ಆದರೆ ಹದಿಹರೆಯದವರಲ್ಲಿ ಇರುವಷ್ಟು ಕಡಿದಾಗಿ ಅಲ್ಲ. ಅಂದರೆ ಇಲ್ಲಿ ಅನುಭವದ ಕೊರತೆ ಮತ್ತು ವಯಸ್ಸು ಎಂಬ ಎರಡು ಕಾರಣಗಳು ಕೂಡಿಕೊಂಡಿವೆ. ಮೊದಲನೆಯದನ್ನು ಶಿಕ್ಷಣದಿಂದಲೂ ಅಭ್ಯಾಸದಿಂದಲೂ ತುಂಬಬಹುದು. ಎರಡನೆಯದಕ್ಕೆ ಮದ್ದಿಲ್ಲ, ಕಾಲವೇ ಕಳೆಯಬೇಕು. ಅದು ಕಳೆಯುವವರೆಗೆ ಅಪಾಯದ ಸಂದರ್ಭಗಳಿಂದ ದೂರ ಇರಿಸಬಹುದು. ಈ ಎರಡು ಕೆಲಸಗಳನ್ನು ಬೆರೆಸಿ ಗೊಂದಲ ಮಾಡಿಕೊಂಡಿರುವುದರಿಂದಲೇ ನಮ್ಮ ಚರ್ಚೆಗಳು ಮುಂದೆ ಸಾಗುವುದಿಲ್ಲ.

ಅನುಭವವೆಂದರೆ ನಿಜವಾಗಿ ಏನು ಎಂಬುದನ್ನು ತುಸು ವಿವರವಾಗಿ ಹೇಳಬೇಕು. 1972ರಲ್ಲಿ ಮೌರಾಂಟ್ ಮತ್ತು ರಾಕ್‌ವೆಲ್ ಎಂಬ ಇಬ್ಬರು ಅಮೆರಿಕನ್ ಸಂಶೋಧಕರು ಹೊಸ ಚಾಲಕರ ಮತ್ತು ಪಳಗಿದ ಚಾಲಕರ ಕಣ್ಣಿನ ಚಲನೆಯನ್ನು ದಾಖಲಿಸಿ ಹೋಲಿಸಿದರು. ಹೊಸಬರ ನೋಟ ವಾಹನಕ್ಕೆ ಹತ್ತಿರದ ರಸ್ತೆಯ ಮೇಲೇ ನೆಟ್ಟಿರುತ್ತಿತ್ತು; ಅವರು ಕನ್ನಡಿಗಳನ್ನು ನೋಡುತ್ತಿದ್ದದ್ದು ಅಪರೂಪ. ಪಳಗಿದವರ ನೋಟ ದೂರಕ್ಕೂ ಅಗಲಕ್ಕೂ ಹರಿದಾಡುತ್ತಿತ್ತು. ಕಲಿಸುವವರಿಗೆಲ್ಲ ಇದು ದಿನನಿತ್ಯದ ಅನುಭವ. ನಿಂತಿರುವ ಬಸ್ಸಿನ ಪಕ್ಕದಲ್ಲಿ ಹಾದುಹೋಗುವಾಗ ಹೊಸ ಚಾಲಕನು ಬಸ್ಸಿಗೂ ತನ್ನ ವಾಹನಕ್ಕೂ ನಡುವಿನ ಅಂತರವನ್ನು ಮಾತ್ರ ಅಳೆಯುತ್ತಾನೆ. ಅನುಭವಿ ಚಾಲಕಿಯ ಗಮನ ಆ ಬಸ್ಸಿನ ಮುಂಭಾಗದಿಂದ ಯಾರಾದರೂ ರಸ್ತೆಗೆ ಇಳಿಯಬಹುದೆಂಬುದರ ಮೇಲಿರುತ್ತದೆ. ಬಸ್ಸಿನ ಅಡಿಯಲ್ಲಿ ಕಾಲುಗಳು ಕಾಣುತ್ತಿವೆಯೇ ಎಂದು ಅವಳು ನೋಡಿರುತ್ತಾಳೆ, ಆಕ್ಸಿಲರೇಟರಿನಿಂದ ಕಾಲು ಆಗಲೇ ತೆಗೆದಿರುತ್ತಾಳೆ. ಸಾಲಾಗಿ ನಿಂತ ಕಾರುಗಳಲ್ಲಿ ಒಂದರೊಳಗೆ ಚಾಲಕ ಕುಳಿತಿದ್ದರೆ ಬಾಗಿಲು ತೆರೆಯಬಹುದು ಎಂದು, ಮುಂದಿನ ಚಕ್ರ ತುಸು ತಿರುಗಿದ್ದರೆ ಆ ಕಾರು ಹೊರಡಬಹುದು ಎಂದು, ಮುಂದೆ ಹೋಗುತ್ತಿರುವ ಸೈಕಲ್ ಸವಾರ ತಲೆ ಹೊರಳಿಸಿದರೆ ಆತ ತಿರುಗಲಿದ್ದಾನೆ ಎಂದು ಅವಳು ಊಹಿಸುತ್ತಾಳೆ. ಹೇಗೆ ಗೊತ್ತಾಯಿತು ಎಂದು ಕೇಳಿದರೆ ಅವಳಿಂದ ಉತ್ತರ ಬಾರದಿರಬಹುದು. ಎಳೆಯರು ವೇಗವಾಗಿ ಬ್ರೇಕ್ ಹಾಕಬಲ್ಲರು, ಅವರ ಕಣ್ಣು, ಕೈಕಾಲು ನಮ್ಮದಕ್ಕಿಂತ ಚುರುಕು. ಆದರೆ ಬ್ರೇಕ್ ಹಾಕಬೇಕಾದ ಸಂದರ್ಭ ಬರುತ್ತಿದೆ ಎಂಬುದು ಅವರಿಗೆ ತಡವಾಗಿ ತಿಳಿಯುತ್ತದೆ.

ಈ ಗ್ರಹಿಕೆಯನ್ನು ಕಲಿಸಲು ಸಾಧ್ಯ ಎಂಬುದೇ ಭರವಸೆಯ ಸಂಗತಿ. ಬ್ರಿಟನ್ 2002ರಲ್ಲಿ ತನ್ನ ಲಿಖಿತ ಪರೀಕ್ಷೆಯ ಜೊತೆಗೆ ಅಪಾಯ ಗ್ರಹಿಕೆಯ ಪರೀಕ್ಷೆಯೊಂದನ್ನು ಸೇರಿಸಿತು: ರಸ್ತೆಯ ಕಿರು ವಿಡಿಯೊಗಳನ್ನು ನೋಡುತ್ತ, ಅಪಾಯ ರೂಪುಗೊಳ್ಳುತ್ತಿರುವುದು ಕಂಡೊಡನೆ ಅಭ್ಯರ್ಥಿಯು ಗುಂಡಿ ಒತ್ತಬೇಕು, ಎಷ್ಟು ಬೇಗ ಗುರುತಿಸಿದರೆ ಅಷ್ಟು ಅಂಕ. ಇಂಥ ಪರೀಕ್ಷೆ ಇಲ್ಲದ ಕಡೆಯಲ್ಲೂ ಬೋಧಕರು ಖರ್ಚಿಲ್ಲದೆ ಮಾಡಬಹುದಾದ ಅಭ್ಯಾಸವೊಂದಿದೆ. ಕಲಿಯುವವರು ಓಡಿಸುತ್ತಿರುವಾಗ ತಮಗೆ ಕಾಣುತ್ತಿರುವುದನ್ನೂ ಅದರಿಂದ ಏನಾಗಬಹುದೆಂಬುದನ್ನೂ ಬಾಯಿಬಿಟ್ಟು ಹೇಳುತ್ತ ಹೋಗುವುದು. ಮೊದಮೊದಲು ನಾಚಿಕೆಪಡುತ್ತಾರೆ, ಮಾತು ತಡವರಿಸುತ್ತದೆ, ಹೇಳಿ ಮುಗಿಸುವಷ್ಟರಲ್ಲಿ ಆ ಜಾಗ ದಾಟಿಹೋಗಿರುತ್ತದೆ. ಆ ತಡವರಿಕೆಯೇ ಬೋಧಕನಿಗೆ ಬೇಕಾದ ಮಾಹಿತಿ, ಏಕೆಂದರೆ ವಿದ್ಯಾರ್ಥಿಯ ಕಣ್ಣು ಎಲ್ಲಿತ್ತು, ಯಾವುದನ್ನು ನೋಡಲೇ ಇಲ್ಲ ಎಂಬುದು ಅದರಿಂದ ಗೊತ್ತಾಗುತ್ತದೆ. ಅಷ್ಟೇ ಅಲ್ಲ, ಇದನ್ನು ಸ್ಟೀರಿಂಗ್ ಹಿಡಿಯುವ ವಯಸ್ಸಿಗೆ ಬಹಳ ಮೊದಲೇ, ಪಕ್ಕದ ಸೀಟಿನಲ್ಲಿ ಕುಳಿತು ಪ್ರಯಾಣಿಸುವ ಮಕ್ಕಳಿಂದಲೂ ಆಟದಂತೆ ಮಾಡಿಸಬಹುದು.

ಇಲ್ಲಿ ನನ್ನ ವೃತ್ತಿಯವರಿಗೆ ಹಿತವೆನಿಸದ ಸಂಗತಿಯೊಂದನ್ನೂ ಹೇಳಲೇಬೇಕು. ಚಾಲನಾ ಶಿಕ್ಷಣ ಕೊಟ್ಟುಬಿಟ್ಟರೆ ಅಪಘಾತಗಳು ಇಳಿಯುತ್ತವೆ ಎಂಬ ನಂಬಿಕೆಗೆ ಪುರಾವೆ ದುರ್ಬಲವಾಗಿದೆ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಡಿಕಾಲ್ಬ್ ಕೌಂಟಿಯಲ್ಲಿ ಸಾವಿರಾರು ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿ, ಒಂದಕ್ಕೆ ವಿಸ್ತಾರವಾದ ಚಾಲನಾ ಪಠ್ಯಕ್ರಮವನ್ನೂ ಇನ್ನೊಂದಕ್ಕೆ ಕನಿಷ್ಠ ತರಬೇತಿಯನ್ನೂ ಕೊಟ್ಟು, ಮೂರನೆಯದಕ್ಕೆ ಏನನ್ನೂ ಕೊಡದೆ ಫಲಿತಾಂಶ ನೋಡಲಾಯಿತು. ತರಬೇತಿ ಪಡೆದವರ ಅಪಘಾತಗಳಲ್ಲಿ ಬಹುಕಾಲ ಉಳಿಯುವಂಥ ಇಳಿಕೆ ಕಾಣಲಿಲ್ಲ. ಅವರು ಇತರರಿಗಿಂತ ಬೇಗ ಪರವಾನಗಿ ಪಡೆದು ಬೇಗ ರಸ್ತೆಗೆ ಇಳಿದರು, ಅಷ್ಟೇ. ನಾರ್ವೆಯಲ್ಲಿ ಜಾರುವ ರಸ್ತೆಯ ಮೇಲೆ ವಾಹನ ನಿಭಾಯಿಸುವ ತರಬೇತಿಯನ್ನು ಹೊಸ ಚಾಲಕರಿಗೆ ಕಡ್ಡಾಯಗೊಳಿಸಿ, 1980ರ ದಶಕದಲ್ಲಿ ಅದರ ಮೌಲ್ಯಮಾಪನ ನಡೆಸಿದಾಗ ಕಂಡದ್ದು ಇನ್ನೂ ವಿಚಿತ್ರ. ತರಬೇತಿಯ ನಂತರ ಹರೆಯದ ಗಂಡಸರ ಅಪಘಾತಗಳು ಹೆಚ್ಚಿದ್ದವು. ಜಾರಿದರೂ ಸಂಭಾಳಿಸಬಲ್ಲೆ ಎಂಬ ಧೈರ್ಯ ಬಂದವನು ಜಾರುವಂಥ ಕಡೆ ವೇಗ ಇಳಿಸುವುದಿಲ್ಲ.

ಇದನ್ನು ಮುಂದಿಟ್ಟು ಚಾಲನಾ ಶಿಕ್ಷಣವೇ ವ್ಯರ್ಥ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸೋತದ್ದು ಅಲ್ಪಾವಧಿಯ, ಕೌಶಲವನ್ನಷ್ಟೇ ಕಲಿಸುವ, ಪರವಾನಗಿ ಸಿಕ್ಕ ದಿನ ಮುಗಿದುಹೋಗುವ ಶಿಕ್ಷಣ. ಅದಕ್ಕೆ ಎದುರಾಗಿ ಸ್ವೀಡನ್ನಿನ ಅನುಭವವನ್ನು ಇಟ್ಟು ನೋಡಬೇಕು. ಅಲ್ಲಿ ಪರವಾನಗಿಯ ವಯಸ್ಸು 18. ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಭ್ಯಾಸ ಆರಂಭಿಸುವ ವಯಸ್ಸನ್ನು ಮಾತ್ರ 1993ರಲ್ಲಿ ಹದಿನೇಳೂವರೆಯಿಂದ 16ಕ್ಕೆ ಇಳಿಸಲಾಯಿತು. ಈ ಅವಕಾಶವನ್ನು ಬಳಸಿಕೊಂಡವರು ಪರವಾನಗಿಗೆ ಮೊದಲು ಸರಾಸರಿ 118 ಗಂಟೆ ಅಭ್ಯಾಸ ಮಾಡಿದ್ದರು. ಹಳೆಯ ಪದ್ಧತಿಯವರ ಅಭ್ಯಾಸ ಐವತ್ತು ಗಂಟೆಗೂ ಕಡಿಮೆ ಇತ್ತು. ಒಂಟಿಯಾಗಿ ರಸ್ತೆಗೆ ಇಳಿದ ಮೇಲೆ ದೀರ್ಘ ಅಭ್ಯಾಸ ಮಾಡಿದವರ ಅಪಘಾತದ ಪ್ರಮಾಣ ಗಣನೀಯವಾಗಿ ಕಡಿಮೆಯಿತ್ತು. ತಾವಾಗಿಯೇ ಮುಂದೆ ಬಂದು ಹೆಚ್ಚು ಅಭ್ಯಾಸ ಮಾಡುವವರು ಸ್ವಭಾವತಃ ಎಚ್ಚರಿಕೆಯವರಿರಬಹುದು, ಆದ್ದರಿಂದ ಇಡೀ ವ್ಯತ್ಯಾಸವನ್ನು ಗಂಟೆಗಳ ಲೆಕ್ಕಕ್ಕೇ ಸೇರಿಸಲಾಗದು. ಆದರೂ ಸಂಶೋಧಕರು ಇದನ್ನು ಗಣನೆಗೆ ತೆಗೆದುಕೊಂಡ ಮೇಲೂ ಅಭ್ಯಾಸದ ಪಾಲು ಉಳಿದೇ ಇತ್ತು.

ಆ ಗಂಟೆಗಳು ಹೇಗೆ ಕಳೆದವು ಎಂಬುದೂ ಮುಖ್ಯ. ಖಾಲಿ ಮೈದಾನದಲ್ಲೋ ಗುರುತು ಹಿಡಿದ ಒಂದೇ ರಸ್ತೆಯಲ್ಲೋ ನೂರು ಗಂಟೆ ಸುತ್ತಿದರೆ ಬರುವುದು ಮೊದಲ ಗಂಟೆಯ ಅನುಭವದ ಪುನರಾವರ್ತನೆ. ಮಳೆಯಲ್ಲಿ, ಮುಸ್ಸಂಜೆಯ ಮಬ್ಬಿನಲ್ಲಿ, ಎದುರಿನ ಹೆಡ್‌ಲೈಟ್ ಕಣ್ಣಿಗೆ ರಾಚುವ ರಾತ್ರಿಯಲ್ಲಿ, ಶಾಲೆ ಬಿಡುವ ಹೊತ್ತಿನಲ್ಲಿ, ಭಾರಿ ಲಾರಿಗಳ ನಡುವೆ, ಹೆದ್ದಾರಿಗೆ ಬಂದು ಸೇರುವ ಜಾಗದಲ್ಲಿ, ತಿರುವುಗಳ ಇಳಿಜಾರಿನಲ್ಲಿ ಓಡಿಸಿದ ಗಂಟೆಗಳು ಬೇಕು. ಇವೆಲ್ಲವನ್ನೂ ಒಬ್ಬ ಎಳೆಯ ಚಾಲಕ ಮೊದಲ ಬಾರಿಗೆ ಎದುರಿಸುವಾಗ ಪಕ್ಕದಲ್ಲಿ ಹಿರಿಯರೊಬ್ಬರು ಇದ್ದಾರೆಯೇ, ಇಲ್ಲವೇ ಎಂಬುದನ್ನು ಸದ್ಯ ಅದೃಷ್ಟಕ್ಕೆ ಬಿಟ್ಟಿದ್ದೇವೆ. ಪಕ್ಕದಲ್ಲಿ ಕೂರುವ ಹಿರಿಯರಿಗೂ ಒಂದಿಷ್ಟು ತಿಳಿವಳಿಕೆ ಬೇಕು. ಕೂಗಾಡುವ ತಂದೆ, ಕಾಲ್ಪನಿಕ ಬ್ರೇಕನ್ನು ಒತ್ತುತ್ತಲೇ ಇರುವ ತಾಯಿ, ಇಬ್ಬರಿಂದಲೂ ಮಗು ಕಲಿಯುವುದು ಕಡಿಮೆ. ತಪ್ಪು ನಡೆದ ಕ್ಷಣದಲ್ಲಿ ಚುಟುಕಾದ ಸೂಚನೆ, ವಾಹನ ನಿಲ್ಲಿಸಿದ ಮೇಲೆ ವಿವರವಾದ ಮಾತು ಎಂಬ ಒಂದು ಕ್ರಮವನ್ನು ಪಾಲಿಸಿದರೂ ಸಾಕಷ್ಟು ಜಗಳ ತಪ್ಪುತ್ತದೆ.

ಇನ್ನು ವಯಸ್ಸಿನ ಪ್ರಶ್ನೆ. ಮುಂದಾಲೋಚನೆಗೂ ಆವೇಗವನ್ನು ತಡೆಯುವುದಕ್ಕೂ ಬೇಕಾದ ಮಿದುಳಿನ ಮುಂಭಾಗ ಪೂರ್ಣವಾಗಿ ಪಕ್ವವಾಗುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಸಾಹಸದ ರುಚಿ ಹತ್ತುವುದಾದರೋ ಅದಕ್ಕೆ ಬಹಳ ಮೊದಲೇ. ಇದರ ಪರಿಣಾಮವನ್ನು ಮಾರ್ಗೊ ಗಾರ್ಡ್‌ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಎಂಬ ಮನೋವಿಜ್ಞಾನಿಗಳು 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಚೆನ್ನಾಗಿ ತೋರಿಸಿತು. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟವನ್ನು ಹದಿಹರೆಯದವರು, ಯುವಕರು, ವಯಸ್ಕರು ಆಡಿದರು; ಪ್ರತಿ ಗುಂಪಿನಲ್ಲೂ ಕೆಲವರು ಒಬ್ಬರೇ, ಇನ್ನು ಕೆಲವರು ಗೆಳೆಯರ ಎದುರು. ವಯಸ್ಕರ ಆಟ ಎರಡು ಸಂದರ್ಭದಲ್ಲೂ ಹೆಚ್ಚುಕಡಿಮೆ ಒಂದೇ ರೀತಿ ಇತ್ತು. ಹದಿಹರೆಯದವರು ಗೆಳೆಯರು ನೋಡುತ್ತಿದ್ದಾಗ ಬಹಳ ಹೆಚ್ಚು ಅಪಾಯಗಳನ್ನು ಮೈಮೇಲೆ ಎಳೆದುಕೊಂಡರು. ನಿಜವಾದ ರಸ್ತೆಗಳ ಅಂಕಿಅಂಶವೂ ಇದನ್ನೇ ಹೇಳುತ್ತದೆ. ಎಳೆಯ ಚಾಲಕರ ವಾಹನದಲ್ಲಿ ಸಮವಯಸ್ಕರ ಸಂಖ್ಯೆ ಹೆಚ್ಚಿದಂತೆ ಮಾರಣಾಂತಿಕ ಅಪಘಾತದ ಸಾಧ್ಯತೆ ಏರುತ್ತದೆ. ಅದೇ ವಾಹನದಲ್ಲಿ ಹಿರಿಯರು ಕುಳಿತಿದ್ದರೆ ಇಳಿಯುತ್ತದೆ. ಇದನ್ನು ಮಕ್ಕಳ ಕೆಟ್ಟತನವೆಂದು ಬೈಯುವುದರಿಂದ ಪ್ರಯೋಜನವಿಲ್ಲ. ಒಬ್ಬನೇ ಇದ್ದಾಗ ವಿವೇಕಿಯಾಗಿ ಓಡಿಸುವ ಹುಡುಗ ಮೂವರು ಗೆಳೆಯರ ನಡುವೆ ಬೇರೆಯೇ ಚಾಲಕನಾಗುತ್ತಾನೆ, ಅದು ಅವನಿಗೂ ಗೊತ್ತಾಗುವುದಿಲ್ಲ.

ಹಂತಹಂತದ ಪರವಾನಗಿ ಪದ್ಧತಿ ಹುಟ್ಟಿದ್ದು ಈ ತಿಳಿವಳಿಕೆಯಿಂದ. ನ್ಯೂಜಿಲೆಂಡ್ 1987ರಲ್ಲಿ ಇದನ್ನು ಮೊದಲು ರಾಷ್ಟ್ರಮಟ್ಟದಲ್ಲಿ ತಂದಿತು. ಕೆನಡಾದ ಒಂಟಾರಿಯೊ 1994ರಲ್ಲಿ, ಅಮೆರಿಕದ ಫ್ಲಾರಿಡಾ 1996ರಲ್ಲಿ ಅನುಸರಿಸಿದವು. ಮುಂದೆ ಅಮೆರಿಕದ ಎಲ್ಲ ರಾಜ್ಯಗಳೂ ಒಂದಲ್ಲ ಒಂದು ರೂಪದಲ್ಲಿ ಅಳವಡಿಸಿಕೊಂಡವು. ಕಲಿಕೆಯ ಹಂತ ಮುಗಿಸಿದವರಿಗೆ ಒಮ್ಮೆಲೇ ಪೂರ್ಣ ಪರವಾನಗಿ ಕೊಡದೆ ನಡುವೆ ನಿರ್ಬಂಧಿತ ಹಂತವೊಂದನ್ನು ಇಡುವುದೇ ಇದರ ತಿರುಳು. ನ್ಯೂಜಿಲೆಂಡಿನಲ್ಲಿ ಆ ಹಂತದವರು ರಾತ್ರಿ 10ರಿಂದ ಬೆಳಗಿನ 5ರವರೆಗೆ ಒಂಟಿಯಾಗಿ ಓಡಿಸುವಂತಿಲ್ಲ, ಮೇಲ್ವಿಚಾರಕರಿಲ್ಲದೆ ಗೆಳೆಯರನ್ನು ಕೂರಿಸಿಕೊಳ್ಳುವಂತಿಲ್ಲ. ಈ ಪದ್ಧತಿ ಬಂದೆಡೆಗಳಲ್ಲಿ ಅತಿ ಎಳೆಯ ಚಾಲಕರ ಅಪಘಾತಗಳು ಇಳಿದಿವೆ. ರಸ್ತೆ ಸುರಕ್ಷತೆಯ ಕ್ಷೇತ್ರದಲ್ಲಿ ಇಷ್ಟು ಕಡೆ ಪರೀಕ್ಷೆಗೊಳಪಟ್ಟು ಗೆದ್ದ ಕ್ರಮಗಳು ಹೆಚ್ಚಿಲ್ಲ. ಇದಕ್ಕೆ ನ್ಯಾಯವಾದ ಆಕ್ಷೇಪವೂ ಒಂದಿದೆ. ರಾತ್ರಿ ಪಾಳಿಯಲ್ಲಿ ದುಡಿಯುವ, ಮನೆಯಲ್ಲಿ ರೋಗಿಗಳಿರುವ, ಬೇರೆ ಸಾರಿಗೆ ಇಲ್ಲದ ಎಳೆಯರಿಗೆ ಇಂಥ ನಿರ್ಬಂಧ ಹೊರೆಯಾಗುತ್ತದೆ. ಅಂಥವರಿಗೆ ವಿನಾಯಿತಿ ಕೊಡುವ ದಾರಿಯನ್ನು ನಿಯಮದೊಳಗೇ ಇಟ್ಟುಕೊಳ್ಳಬಹುದು, ಇಟ್ಟುಕೊಂಡ ಉದಾಹರಣೆಗಳೂ ಇವೆ.

ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಕೀಲಿ ಬಹುತೇಕ ಮನೆಗಳಲ್ಲಿ ಹೆತ್ತವರ ಕೈಯಲ್ಲೇ ಇರುತ್ತದೆ. ಮೊದಲ ಆರು ತಿಂಗಳು ಕತ್ತಲಾದ ಮೇಲೆ ಒಂಟಿಯಾಗಿ ಹೋಗುವಂತಿಲ್ಲ, ಗೆಳೆಯರನ್ನು ಕೂರಿಸಿಕೊಳ್ಳುವಂತಿಲ್ಲ, ಎಲ್ಲಿಗೆ ಹೊರಟಿದ್ದೇನೆಂದು ಹೇಳಿಯೇ ಹೋಗಬೇಕು ಎಂಬ ಷರತ್ತುಗಳನ್ನು ಮನೆಯಲ್ಲೇ ಮಾತಾಡಿ, ಬರೆದಿಟ್ಟುಕೊಳ್ಳಬಹುದು. ತಪ್ಪಿಲ್ಲದೆ ಕಳೆದ ಕಾಲಕ್ಕೆ ತಕ್ಕಂತೆ ಒಂದೊಂದನ್ನೇ ಸಡಿಲಿಸಬಹುದು. ಇದರೊಡನೆ ಇನ್ನೊಂದು ಮಾತನ್ನು ಸೇರಿಸುವುದು ಒಳ್ಳೆಯದು: ಓಡಿಸುವ ಸ್ಥಿತಿಯಲ್ಲಿಲ್ಲವೆಂದು ಮಗ ಅಥವಾ ಮಗಳು ಯಾವ ಹೊತ್ತಿನಲ್ಲಿ ಕರೆ ಮಾಡಿದರೂ, ಓಡಿಸಬೇಕಾದ ಗೆಳೆಯ ಕುಡಿದಿದ್ದಾನೆಂದು ಕರೆ ಮಾಡಿದರೂ, ಹೋಗಿ ಕರೆದುಕೊಂಡು ಬರುತ್ತೇವೆ, ಆ ರಾತ್ರಿ ಒಂದು ಬೈಗುಳವನ್ನೂ ಆಡುವುದಿಲ್ಲ. ಈ ಭರವಸೆ ಇಲ್ಲದ ಮನೆಯ ಮಕ್ಕಳು ಬೈಗುಳಕ್ಕೆ ಹೆದರಿ ಅಪಾಯವನ್ನು ಆರಿಸಿಕೊಳ್ಳುತ್ತಾರೆ.

ವೇಗ, ಫೋನು, ನಿದ್ರೆಗಳ ಬಗ್ಗೆ ಉಪದೇಶ ಸಾಕಷ್ಟಾಗಿದೆ. ಲೆಕ್ಕ ಮಾತ್ರ ಕಲಿಸುತ್ತಿಲ್ಲ. ಬ್ರಿಟನ್ನಿನ ರಸ್ತೆ ನಿಯಮಾವಳಿ ಕೊಡುವ ಲೆಕ್ಕದಂತೆ ಗಂಟೆಗೆ 48 ಕಿ.ಮೀ. ವೇಗದ ಕಾರು ಒಣ ರಸ್ತೆಯಲ್ಲಿ ನಿಲ್ಲಲು 23 ಮೀಟರ್ ಬೇಕಾದರೆ 96 ಕಿ.ಮೀ. ವೇಗದ ಕಾರಿಗೆ 73 ಮೀಟರ್ ಬೇಕು. ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿದ ಮೇಲೆ ಸಾಗುವ ದೂರ ನಾಲ್ಕು ಪಟ್ಟಾಗುತ್ತದೆ ಎಂಬುದು ಭೌತವಿಜ್ಞಾನದ ಪಾಠದಲ್ಲಿ ಚಲನಶಕ್ತಿಯ ಸೂತ್ರವನ್ನು ಬಾಯಿಪಾಠ ಮಾಡಿದ ಪ್ರತಿ ವಿದ್ಯಾರ್ಥಿಗೂ ತಿಳಿದಿರಬೇಕಾದದ್ದು. ಆ ಸೂತ್ರವನ್ನು ರಸ್ತೆಗೆ ಇಳಿಸಿ ತೋರಿಸುವ ಶಿಕ್ಷಕರು ಎಷ್ಟು ಮಂದಿ? ಗಂಟೆಗೆ 80 ಕಿ.ಮೀ. ವೇಗದಲ್ಲಿ ಐದು ಸೆಕೆಂಡು ಫೋನಿನ ಸಂದೇಶ ನೋಡಿದವರು 111 ಮೀಟರ್ ದೂರವನ್ನು ಕಣ್ಣುಮುಚ್ಚಿಕೊಂಡೇ ಕ್ರಮಿಸಿದಂತೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ ಕೈ ಖಾಲಿ ಇರುವುದರಿಂದ ತೊಂದರೆಯಿಲ್ಲ ಎನ್ನುವವರು, ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ಸಂಗಡಿಗರು 2001ರಿಂದಲೂ ತೋರಿಸುತ್ತ ಬಂದಿರುವುದನ್ನು ಗಮನಿಸಬೇಕು: ಗಮನ ಕದಿಯುವುದು ಸಂಭಾಷಣೆ, ಫೋನು ಕೈಯಲ್ಲಿದ್ದರೂ ಇಲ್ಲದಿದ್ದರೂ ಚಾಲಕರ ಪ್ರತಿಕ್ರಿಯೆ ನಿಧಾನವಾಗುತ್ತದೆ. ಸತತ 17 ಗಂಟೆ ಎಚ್ಚರವಿದ್ದವರ ಚುರುಕು ರಕ್ತದಲ್ಲಿ ಶೇ 0.05ರಷ್ಟು ಮದ್ಯಸಾರ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರ ಅಧ್ಯಯನವೊಂದು ತೋರಿಸಿತು. ಪರೀಕ್ಷೆಗೆ ರಾತ್ರಿಯಿಡೀ ಓದಿದ ವಿದ್ಯಾರ್ಥಿ ಬೆಳಿಗ್ಗೆ ಬೈಕ್ ಏರುವಾಗ ಅವನಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಹೆಲ್ಮೆಟ್, ಸೀಟ್ ಬೆಲ್ಟುಗಳ ಬಗ್ಗೆ ಹೊಸದಾಗಿ ಹೇಳುವುದೇನಿಲ್ಲ. ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕದೆ ಕುಳಿತವರು ತಮ್ಮ ಜೀವದ ಜೊತೆ ಮುಂದೆ ಕುಳಿತವರ ಜೀವವನ್ನೂ ಪಣಕ್ಕಿಡುತ್ತಾರೆ ಎಂಬುದನ್ನಷ್ಟೇ ನೆನಪಿಸಬೇಕು.

ಇಷ್ಟೆಲ್ಲ ಬರೆದ ಮೇಲೂ, ಹದಿನೈದು ವರ್ಷ ಹಿಂದಿನ ಸೀಟಿನಿಂದ ನೋಡಿ ಕಲಿತದ್ದನ್ನು ಕೆಲವು ವಾರದ ಬೋಧನೆಯಿಂದ ಅಳಿಸುವುದು ಕಷ್ಟ ಎಂಬುದನ್ನು ಒಪ್ಪಲೇಬೇಕಾಗುತ್ತದೆ. ಕೆಂಪು ದೀಪ ಬೀಳುವ ಮುನ್ನ ನುಗ್ಗುವ, ಇಂಡಿಕೇಟರ್ ಹಾಕದೆ ತಿರುಗಿಸುವ, ಓಡಿಸುತ್ತಲೇ ಕರೆ ಸ್ವೀಕರಿಸುವ ಹಿರಿಯರ ಮಕ್ಕಳು ತರಗತಿಗೆ ಬರುವ ಹೊತ್ತಿಗೆ ನಿಯಮವೆಂದರೆ ಪರೀಕ್ಷೆಯ ದಿನಕ್ಕೆ ಮಾತ್ರ ಎಂದು ತಿಳಿದುಕೊಂಡೇ ಬಂದಿರುತ್ತಾರೆ.

ಪರವಾನಗಿ ಕೊಡುವ ಇಲಾಖೆಗಳಲ್ಲಿ ನನ್ನ ಕೋರಿಕೆ ಎರಡು. ಪರೀಕ್ಷೆಗೆ ಮುನ್ನ ಮೇಲ್ವಿಚಾರಣೆಯಲ್ಲಿ ನಡೆದ ಅಭ್ಯಾಸದ ಗಂಟೆಗಳನ್ನು, ರಾತ್ರಿಯವು ಎಷ್ಟು, ಮಳೆಯವು ಎಷ್ಟು ಎಂಬ ವಿವರದೊಂದಿಗೆ ದಾಖಲಿಸುವ ಪುಸ್ತಕವೊಂದನ್ನು ಕಡ್ಡಾಯಗೊಳಿಸಬೇಕು. ಪರೀಕ್ಷೆಯಲ್ಲಿ ಅಪಾಯ ಗ್ರಹಿಕೆಗೂ ಅಂಕವಿರಬೇಕು. ಪತ್ರಿಕೆಯಲ್ಲಿ ಒಂದು ಕೋರಿಕೆ. ಎಳೆಯ ಚಾಲಕರ ಅಪಘಾತವನ್ನು ವರದಿ ಮಾಡುವಾಗ ಅತಿವೇಗ ಎಂಬ ಒಂದೇ ಕಾರಣಕ್ಕೆ ನಿಲ್ಲದೆ, ಪರವಾನಗಿ ಸಿಕ್ಕಿ ಎಷ್ಟು ಕಾಲವಾಗಿತ್ತು, ಯಾವ ಹೊತ್ತಿನಲ್ಲಿ ನಡೆಯಿತು, ವಾಹನದಲ್ಲಿ ಯಾರಿದ್ದರು ಎಂಬ ಮೂರು ಪ್ರಶ್ನೆಗಳನ್ನು, ಹೆಸರುಗಳನ್ನು ಬಯಲು ಮಾಡದೆ, ವರದಿಗಾರರು ಪೊಲೀಸರಲ್ಲಿ ಕೇಳಿ ಬರೆಯುವಂತಾಗಲಿ. ಕೆಲವು ತಿಂಗಳ ವರದಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಮಕ್ಕಳ ಕೈಗೆ ಯಾವಾಗ, ಎಲ್ಲಿಗೆ ಹೋಗಲು ಕೀಲಿ ಕೊಡಬೇಕೆಂಬುದನ್ನು ಹೆತ್ತವರೇ ನಿರ್ಧರಿಸಿಕೊಳ್ಳಬಲ್ಲರು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಚಾಲನಾ ಬೋಧಕ